ಎರಡು ಮೈಕಿನ ವೇದಿಕೆ

ನಮ್ಮೂರ ಸಂಗೀತ ಸಭೆಯ ವೇದಿಕೆಯ ಮೇಲೆ ಎರಡು ಮೈಕುಗಳಿರುತ್ತಿದ್ದವು. ಹಾಡುವವರ ಮುಂದೆ ಕತ್ತು ಬಗ್ಗಿಸಿ ಕೂತ ಗಿಡ್ಡ ಮೈಕು ಒಂದು. ಬಲಗಡೆ, ಕಾರ್ಯದರ್ಶಿ ವೆಂಕೋಬರಾಯರ ಗಲ್ಲದವರೆಗೆ ನೆಟ್ಟಗೆ ನಿಂತ ಉದ್ದನೆಯ ಮೈಕು ಇನ್ನೊಂದು. ಹಾಡೆಲ್ಲ ಗಿಡ್ಡ ಮೈಕಿಗೆ, ಮಾತೆಲ್ಲ ಉದ್ದನೆಯದಕ್ಕೆ. ಈ ಪಾಲು ಮಾಡಿದವರು ಯಾರೋ ತಿಳಿಯದು. ಹದಿನೇಳು ವರ್ಷ ಅಲ್ಲಿ ಹಾಡಿದ ನಾನೂ ಅದನ್ನು ಪ್ರಶ್ನಿಸಲಿಲ್ಲ.

ಹಾಡುವ ಕೃತಿಗಳನ್ನು ನಾವು ಚೀಟಿಯಲ್ಲಿ ಬರೆದುಕೊಡಬೇಕು, ರಾಯರು ಒಂದೊಂದಾಗಿ ಓದಬೇಕು. ಆ ವರ್ಷ ನಾನು ಸಾವೇರಿ ರಾಗದ ಒಂದು ಕೃತಿಯ ಮುಂದೆ ‘ರಚನೆ: ನಾಚಾರಮ್ಮನವರು’ ಎಂದು ಬರೆದೆ. ನಾಚಾರಮ್ಮ ನನ್ನ ಗುರು, ನಾನು ಅಮ್ಮ ಎಂದೇ ಕರೆಯುತ್ತಿದ್ದವರು. ಅವರ ಯಜಮಾನರು ವಿದ್ವಾನ್ ತಿರುಮಲಾಚಾರ್ಯರು ಆಗಲೇ ತೀರಿಹೋಗಿದ್ದರು. ಊರಿಗೆಲ್ಲ ಅದು ಆಚಾರ್ಯರ ಕೃತಿ. ಆದರೆ ನನಗೆ ಹನ್ನೆರಡು ವರ್ಷವಾಗಿದ್ದಾಗ ಅಮ್ಮ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತ ಅದನ್ನು ಕಟ್ಟಿದ್ದನ್ನು, ಕೈ ಒರೆಸಿಕೊಂಡು ಕ್ಯಾಲೆಂಡರ್ ಹಾಳೆಯ ಹಿಂದೆ ಸ್ವರ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆಚಾರ್ಯರು ಆ ಹಾಳೆಯನ್ನು ಮಡಿಸಿ ತಮ್ಮ ಪುಸ್ತಕದೊಳಗೆ ಇಟ್ಟುಕೊಂಡದ್ದನ್ನೂ ಕಂಡಿದ್ದೆ.

ರಾಯರು ಚೀಟಿ ನೋಡಿದರು, ನಕ್ಕರು, ಮೈಕಿಗೆ ಹೇಳಿದರು: “ಮುಂದಿನದು ಸಾವೇರಿ. ವಿದ್ವಾನ್ ತಿರುಮಲಾಚಾರ್ಯರ ಅಮರ ಕೃತಿ.”

ಎರಡನೆಯ ಸಾಲಿನಲ್ಲಿ ಕೂತಿದ್ದ ಅಮ್ಮ ತೊಡೆಯ ಮೇಲೆ ತಾಳ ಹಾಕಲು ಎತ್ತಿದ್ದ ಕೈ ಅಲ್ಲೇ ನಿಂತಿತು. ನಾನು ಬಾಯಿ ತೆರೆದೆ. ಮೂರು ಸ್ಥಾಯಿಯಲ್ಲಿ ಓಡಾಡುವ ನನ್ನ ಗಂಟಲಿನಿಂದ ‘ಅಲ್ಲ’ ಎಂಬ ಎರಡಕ್ಷರ ಹೊರಡಲಿಲ್ಲ. ಸುಮ್ಮನೆ ಹಾಡಿದೆ.

ಕಛೇರಿ ಮುಗಿದ ಮೇಲೆ ರಾಯರನ್ನು ಕೇಳಿದೆ. “ಅಯ್ಯೋ, ಬರೆಯೋವಾಗ ಏನೋ ತಪ್ಪಾಗಿರಬೇಕು ಅಂತ ಸರಿ ಮಾಡಿದೆ ತಾಯಿ,” ಎಂದರು. “ನೀವು ಹಾಡಿ. ಮಾತಿನ ಉಸಾಬರಿ ನಮಗೆ ಬಿಡಿ.”

ಸರಿ ಮಾಡಿದರಂತೆ! ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ರಾಯರ ಮೇಲಿನ ಸಿಟ್ಟು ಅರ್ಧ. ಇನ್ನರ್ಧ, ಬಾಯಿ ಕಟ್ಟಿ ಕೂತ ನನ್ನ ಮೇಲೆ. ಸಾಹಿತ್ಯ, ರಾಗ, ತಾಳ ಎಲ್ಲ ಕಲಿಸಿದರು. ಇದು ಇಂಥವರದೆಂದು ನಾಲ್ಕು ಜನರೆದುರು ಹೇಳುವುದು ಹೇಗೆ ಎಂದು ಯಾರೂ ಕಲಿಸಲಿಲ್ಲವಲ್ಲ!

ನವರಾತ್ರಿಯಲ್ಲಿ ಒಬ್ಬರ ಮನೆಯಲ್ಲಿ ಪ್ರಯತ್ನಿಸಿದೆ. ಹಿಂದೆ ತಂಬೂರಿ ನುಡಿಯುತ್ತಲೇ ಇತ್ತು. ಅದಿಲ್ಲದೆ ಬಾಯಿ ತೆರೆದು ನನಗೆ ಅಭ್ಯಾಸವೇ ಇರಲಿಲ್ಲ. “ಈ ಕೃತಿಯನ್ನು ರಚಿಸಿದವರು” ಎನ್ನುವಷ್ಟರಲ್ಲಿ ನನ್ನ ಮಾತು ತಾನಾಗಿ ಷಡ್ಜಕ್ಕೆ ಹೋಗಿ ಕೂತಿತು. ಮುಂದಿನದೆಲ್ಲ ಮಂತ್ರ ಹೇಳಿದಂತೆ ಒಂದೇ ಸ್ವರದಲ್ಲಿ ಬಂತು. “ಮಂಗಳಾರತಿ ತಟ್ಟೆ ತರಲೇನಮ್ಮ?” ಎಂದು ಯಾರೋ ಕೇಳಿದರು. ಹೆಂಗಸರೆಲ್ಲ ಗೊಳ್ಳೆಂದರು. ಹೇಳಬೇಕಾದ ಹೆಸರು ಆ ನಗುವಿನಲ್ಲಿ ಮುಳುಗಿಹೋಯಿತು.

ನಮ್ಮ ಬೀದಿಯ ಜಬೀನಾ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸದಲ್ಲಿದ್ದಳು. ಅಷ್ಟು ಗದ್ದಲದಲ್ಲೂ ಅವಳ ಒಂದೊಂದು ಮಾತೂ ಕಿವಿಗೆ ತಾಕುತ್ತಿತ್ತು. ನಾಚಿಕೆ ಬಿಟ್ಟು ಅವಳ ಬಳಿ ಹೋದೆ. ನವರಾತ್ರಿಯಲ್ಲಿ ಆದದ್ದನ್ನು ಹಾಗೇ ಹೇಳಿ ತೋರಿಸಿದಾಗ ಅವಳು ಹಣೆ ಚಚ್ಚಿಕೊಂಡಳು.

“ಅಕ್ಕಾ, ಹಿಂಗೆ ಎಳೆದ್ರೆ ಬಸ್ಸು ಮುಂದಿನೂರು ಸೇರಿರತ್ತೆ! ಮೊದಲು ಆ ತಂಬೂರಿ ನಿಲ್ಸಿ. ಆಮೇಲೆ ಎರಡು ಗಳಿಗೆ ಸುಮ್ನಿರಿ. ಜನ ಕತ್ತೆತ್ತಿ ನೋಡ್ತಾರಲ್ಲ, ಆಗ ಹೇಳಿ. ಹೆಸರು ಬಂದಾಗ ಮಾತ್ರ ನುಂಗಬೇಡಿ.”

“ಸುಮ್ಮನಿದ್ದರೆ ಮರೆತೆ ಅಂದುಕೊಳ್ಳೋದಿಲ್ವಾ?”

“ಅಂದುಕೊಳ್ಳಲಿ. ನೀವೇನು ಅವರ ಸೊಸೆನಾ?”

ಮುಂದಿನ ಕಛೇರಿಯವರೆಗೂ ಅವಳ ಹಿತ್ತಿಲಲ್ಲಿ, ಒಗೆದ ಬಟ್ಟೆಗಳ ಎದುರು ನಿಂತು ಮಾತನಾಡಿದೆ. ಉಸಿರು ನನ್ನಲ್ಲಿ ಬೇಕಾದಷ್ಟಿತ್ತು. ಶ್ರುತಿಯ ಆಸರೆ ಬಿಟ್ಟು ನಿಲ್ಲುವ ಧೈರ್ಯವಿರಲಿಲ್ಲ, ಅಷ್ಟೇ.

ಮರುವರ್ಷವೂ ಅದೇ ಎರಡು ಮೈಕು, ನನ್ನ ಚೀಟಿಯಲ್ಲಿ ಅದೇ ಹೆಸರು. ರಾಯರು ಮತ್ತೆ ಓದಿದರು: “ತಿರುಮಲಾಚಾರ್ಯರ ಅಮರ ಕೃತಿ.” ನಾನು ಹಿಂದಕ್ಕೆ ಕೈ ತೋರಿಸಿ ತಂಬೂರಿ ನಿಲ್ಲಿಸಿದೆ. ಸಭೆ ಕತ್ತೆತ್ತಿತು. ಗಿಡ್ಡ ಮೈಕೂ ಮೈಕೇ ಎಂಬುದು ನನಗೆ ಆವತ್ತು ಹೊಳೆಯಿತು.

“ರಾಯರು ಓದಿದ್ದು ತಪ್ಪು,” ಎಂದೆ. “ಇದು ನಾಚಾರಮ್ಮನವರ ರಚನೆ. ಅವರು ಕಟ್ಟುವಾಗ ಎದುರಿಗೆ ಕೂತಿದ್ದವಳು ನಾನು.”

“ತಾಯೀ, ಸಮಯ...” ಎಂದರು ರಾಯರು.

“ಸಮಯ ನನ್ನದು ರಾಯರೇ. ಎರಡು ಗಂಟೆ ಕೊಟ್ಟಿದ್ದೀರಿ. ಈ ಹೆಸರು ಮೂವತ್ತು ವರ್ಷ ಕಾದಿದೆ. ನಾಚಾರಮ್ಮ. ಎರಡನೆಯ ಸಾಲಿನಲ್ಲಿ ಕೂತಿದ್ದಾರೆ, ನೋಡಿ.”

ಜನ ತಿರುಗಿ ನೋಡಿದರು. ಅಮ್ಮ ತಲೆ ತಗ್ಗಿಸಿದರು. ನಾನು ಹಾಡಿದೆ, ಚಪ್ಪಾಳೆಯೂ ಬಿತ್ತು. ಆದರೆ ಅಮ್ಮನ ಮುಖ ನೋಡಿ ಭಯವಾಯಿತು. ಗಂಡನ ಮಾನ ಬೀದಿಗೆ ತಂದೆ ಎಂದು ಬೈದರೆ?

ಕಛೇರಿ ಮುಗಿದಾಗ ಅವರೇ ವೇದಿಕೆಯ ಹಿಂದಿನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

“ಪಲ್ಲವಿ ಹಾಗೆ ಮುಗಿಯೋದಲ್ಲ ಕಣೇ.”

“ನೀವೇ ಹೇಳಿಕೊಟ್ಟಿದ್ದಲ್ವಾ ಅಮ್ಮ?”

“ಹೌದು. ಚಪ್ಪಾಳೆ ಬರಬೇಕು ಅಂತ ಅವರು ಕೊನೇಲಿ ಮೇಲಿನ ಷಡ್ಜಕ್ಕೆ ಹತ್ತಿಸಿದ್ರು. ನಾನು ಹಾಗೆ ಮಾಡಿರಲಿಲ್ಲ. ಅವರ ಹಾಡು ಅಂತ ಆದ ಮೇಲೆ ತಿದ್ದೋಕೆ ನಾನ್ಯಾರು?”

ಮೂವತ್ತು ವರ್ಷ! ತಮ್ಮದಲ್ಲದ ಮುಕ್ತಾಯವನ್ನು ತಮ್ಮ ಬಾಯಿಂದಲೇ ನಮಗೆಲ್ಲ ಪಾಠ ಹೇಳಿದ್ದರು. ರೇಷ್ಮೆ ಸೀರೆಯಲ್ಲೇ ಧೂಳಿನ ನೆಲದ ಮೇಲೆ ಕೂತೆ.

ಅಮ್ಮ ಗಂಟಲು ಸರಿಮಾಡಿಕೊಂಡು ಪಲ್ಲವಿ ಎತ್ತಿದರು. ಕೊನೆಗೆ ಬಂದಾಗ ಸ್ವರ ಮೇಲಕ್ಕೆ ಹೋಗಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು ಕೆಳಗಿನ ಧೈವತದಲ್ಲಿ, ಯಾರ ಚಪ್ಪಾಳೆಯೂ ಬೇಡದಂತೆ, ನಿಂತಿತು. ಬೆರಳನ್ನು ಅಲ್ಲೇ ಗಾಳಿಯಲ್ಲಿ ಹಿಡಿದು ಅವರು ನನ್ನ ಕಡೆ ನೋಡಿದರು.

“ಹೂಂ, ಹೇಳು,” ಎಂದರು.