ಸತ್ಕಾರಕ್ಕೆ ಹೋದ ರಜೆ

ಹವಾಲ್ದಾರ್ ಶಶಿಧರ ರಜೆಯ ರಜಿಸ್ಟರನ್ನು ಕುನಾಲನ ಕಡೆ ತಿರುಗಿಸಿದರು.

“ಉಳದಿದ್ದು ಏಳು ದಿನ. ನಿನ್ನ ಪುಣೆ ಶಿಬಿರ ಹನ್ನೆರಡು. ನಾ ಏನ್ ಮಾಡ್ಲಿ?”

ಬೆಳಗಾವಿ ದಂಡುಪ್ರದೇಶದ ಆ ಸೈನಿಕ ಅಕಾಡೆಮಿಯ ಪರವಾಗಿ ಕುನಾಲ ನಾಲ್ಕು ವರ್ಷ ಕಬಡ್ಡಿ ಆಡಿದ್ದ. ಈಗ ವೃತ್ತಿಪರ ಲೀಗಿನ ತಂಡವೊಂದು ಶಿಬಿರಕ್ಕೆ ಕರೆದಿತ್ತು. ಪೂರ್ತಿ ಹನ್ನೆರಡು ದಿನ ಇದ್ದವರಲ್ಲೇ ಆಯ್ಕೆ. ಅಕಾಡೆಮಿಯವರು ಬೇಡ ಅನ್ನಲಿಲ್ಲ, ಸ್ವಂತ ರಜೆಯಲ್ಲಿ ಹೋಗು ಎಂದಿದ್ದರು. ಆಗ ಅವನಿಗೆ ಹದಿನೆಂಟು ದಿನ ರಜೆ ಇತ್ತು.

ಅದರಲ್ಲಿ ಹನ್ನೊಂದು ದಿನ ಅವನ ಊರು ಖಾನಾಪುರದಲ್ಲಿ ಮುಗಿದವು. ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅಪ್ಪ ಧರಣೇಂದ್ರ ಫೋನ್ ಮಾಡಿ, ಲೀಗಿನ ಕರೆ ಬಂತೆಂದು ಓಣಿಯವರು ಸತ್ಕಾರ ಇಟ್ಟಿದ್ದಾರೆ, ಒಂದು ದಿನ ಬಾ ಎಂದಿದ್ದರು. ಫ್ಲೆಕ್ಸಿನಲ್ಲಿ ಮೇಲೆ ಕನ್ನಡವೋ ಮರಾಠಿಯೋ ಎಂಬ ಜಗಳಕ್ಕೆ ಮೂರು ದಿನ ಹಿಡಿಯಿತು. ಆಮೇಲೆ ಹಾರ ಹಾಕಬೇಕಿದ್ದ ಶಾಸಕರಿಗೆ ಬೆಂಗಳೂರಿನಲ್ಲಿ ಕೆಲಸ ಬಂತು. ಅವರು ವಾಪಸು ಬಂದ ದಿನ ಅಮಾವಾಸ್ಯೆ, ಸತ್ಕಾರ ಮತ್ತೆ ಮುಂದೆ ಹೋಯಿತು. ಕುನಾಲ ನಡುವೆ ಎದ್ದು ಬರಬಹುದಿತ್ತು, ಬರಲಿಲ್ಲ. ಮೆರವಣಿಗೆಯ ತೆರೆದ ಜೀಪಿನಲ್ಲಿ ನಿಲ್ಲುವ ಆಸೆ ಅವನಿಗೂ ಇತ್ತು.

ಅಷ್ಟರಲ್ಲಿ ಧರಣೇಂದ್ರ ಆಫೀಸಿನ ಬಾಗಿಲಿಗೆ ಬಂದರು. ಕಂಕುಳಲ್ಲಿ ಕಟ್ಟು ಹಾಕಿಸಿದ, ಸತ್ಕಾರದ ದೊಡ್ಡ ಫೋಟೋ.

“ನಮಸ್ಕಾರ್ರಿ ಸಾಹೇಬ್ರ. ಇದನ್ನ ನೋಡ್ರಿ, ಹುಡುಗ ಸುಮ್ನ ತಿರಗಲಿಲ್ಲ. ಇದು ಊರಿನ ಕೆಲಸ.”

ಹವಾಲ್ದಾರರು ಫೋಟೋ ನೋಡಿದರು. “ನಿಮ್ಮ ಮಗ ಎಲ್ಲದಾನ್ರಿ ಇದರಾಗ?”

“ಅಲ್ಲೇ ನೋಡ್ರಿ, ಶಾಸಕರ ಹಾರದ ಹಿಂದ. ಕಿವಿ ಕಾಣತೈತಿ.”

“ಕಿವಿಗೆ ರಜಾ ಕೊಡಾಕ ಬರೂದಿಲ್ರಿ.”

“ದೊಡ್ಡ ಸಾಹೇಬರ್ನ ಕೇಳೂಣು.”

“ಮುಂಜಾನೆನ ಕೇಳೀನ್ರಿ ಅಪ್ಪಾ,” ಎಂದ ಕುನಾಲ. “ಒಬ್ಬಗ ಕೊಟ್ರ ನಲವತ್ತು ಮಂದಿಗೆ ಕೊಡಬೇಕು ಅಂದ್ರು. ತಂಡದವ್ರಿಗೂ ಫೋನ್ ಮಾಡೀನಿ. ಏಳ ದಿನಕ್ಕ ಬರೂದಾದ್ರ ಬರಬ್ಯಾಡ ಅಂದ್ರು.”

ಧರಣೇಂದ್ರ ಫೋಟೋವನ್ನು ಗೋಡೆಗೆ ಆನಿಸಿಟ್ಟು ಬೆಂಚಿನ ಮೇಲೆ ಕುಳಿತರು. “ಓಣಿ ಮಂದಿ ಅಷ್ಟು ಪ್ರೀತಿಲೆ ಕೇಳಿದ್ರ ಬ್ಯಾಡ ಅನ್ನಾಕ ಬರತೈತೇನೋ?”

“ಬರತೈತ್ರಿ. ನಾನೂ ಅನ್ನಲಿಲ್ಲ, ನೀವೂ ಅನ್ನಲಿಲ್ಲ.”

ಹವಾಲ್ದಾರರು ರಜಿಸ್ಟರ್ ಮುಚ್ಚಿದರು. “ಮುಂದಿನ ವರ್ಷ ಕರದ್ರ ಮನಿಗೆ ಹೇಳಬ್ಯಾಡ. ಪುಣೆ ಮುಟ್ಟಿ ಹೇಳು.”

ಗೇಟಿನವರೆಗೆ ಕುನಾಲ ಅಪ್ಪನ ಜೊತೆ ನಡೆದ. ಖಾನಾಪುರದ ಬಸ್ಸು ಹಿಡಿಯಲು ಆಟೋ ಹತ್ತುವಾಗ ಅಪ್ಪ ಕೇಳಿದರು: “ಊರ ಬಸ್‌ಸ್ಟ್ಯಾಂಡಿನಾಗ ನಿನ್ನ ಫ್ಲೆಕ್ಸ್ ಇನ್ನೂ ಐತಿ. ಲೀಗ್ ಆಟಗಾರ ಅಂತ ಬರದಾರ. ತಗಸ್ಲೇನು?”

“ಇರಲಿ ಬಿಡ್ರಿ. ನನ್ನ ಮುಖ ಅದರಾಗೂ ಸಣ್ಣದೈತಿ.”

ಫೋಟೋ ಆಫೀಸಿನಲ್ಲೇ ಉಳಿದಿತ್ತು. ಅಪ್ಪನಿಗೆ ನೆನಪಾಗಲಿಲ್ಲ, ಕುನಾಲ ನೆನಪಿಸಲಿಲ್ಲ. ಸಂಜೆಯ ಅಭ್ಯಾಸಕ್ಕೆ ಐದು ನಿಮಿಷ ತಡವಾಗಿತ್ತು. ತಡವಾದವರು ಮೈದಾನಕ್ಕೆ ಹತ್ತು ಸುತ್ತು ಓಡಬೇಕು. ಅವನು ಬೂಟಿನ ಲೇಸು ಬಿಗಿದು ಓಡತೊಡಗಿದ.