ಎದುರು ಸಂಘದವಳಿಗೆ ಕೊಟ್ಟ ಪಾಸು

ಮಾಲ್ಟಾ ಮಹಿಳೆಯರ ಬಾಸ್ಕೆಟ್‌ಬಾಲ್ ತಂಡದಲ್ಲಿ ಹನ್ನೆರಡು ಜನ. ಅವರಲ್ಲಿ ಆಟ ಬರುತ್ತಿದ್ದದ್ದು ಮುಖ್ಯವಾಗಿ ಇಬ್ಬರಿಗೆ. ಇಬ್ಬರೂ ವೀದ್ ರಮ್ಲಾ ಊರಿನವರು. ಹನ್ನೊಂದು ವರ್ಷ ಒಂದೇ ತಂಡದಲ್ಲಿ ಆಡಿದರೂ ಅವರು ಒಬ್ಬರಿಗೊಬ್ಬರು ಒಮ್ಮೆಯೂ ಚೆಂಡು ಕೊಟ್ಟಿರಲಿಲ್ಲ.

ಮಾರ್ಟೀಸಳ ಮನೆತನ ಸಾಂತಾ ಲುಚಿಯಾ ಬ್ಯಾಂಡ್ ಸಂಘದ್ದು, ರಿಟಿಯೆನ್‌ಳದು ಸಾನ್ ಜುಸೆಪ್ ಬ್ಯಾಂಡ್ ಸಂಘದ್ದು. ಊರಿಗೆ ಚರ್ಚು ಒಂದು, ಚೌಕ ಒಂದು, ಔಷಧಿ ಅಂಗಡಿ ಒಂದು, ಸಂತರ ಹಬ್ಬಕ್ಕೆ ನುಡಿಸುವ ಬ್ಯಾಂಡ್ ಮಾತ್ರ ಎರಡು, ಒಬ್ಬೊಬ್ಬ ಸಂತರ ಹೆಸರಿಗೆ ಒಂದೊಂದು. ಇವರಿಬ್ಬರೂ ಹುಟ್ಟುವ ಮೊದಲು ಎರಡೂ ಬ್ಯಾಂಡುಗಳು ಒಂದು ಓಣಿಯಲ್ಲಿ ಎದುರುಬದುರಾಗಿ, ಹಿಂದೆ ಸರಿಯುವವರು ಯಾರು ಎಂದು ಮೂರು ಗಂಟೆ ನಿಂತಿದ್ದವು; ಕೊನೆಗೆ ಒಂದು ತುತ್ತೂರಿ ಒಬ್ಬನ ತಲೆಯ ಮೇಲೆ ಸೊಟ್ಟಗಾಗಿತ್ತು. ತಲೆಯವನು ಆಮೇಲೆ ಯಾವಾಗಲೋ ಬೇರೆ ಕಾಯಿಲೆಯಿಂದ ಸತ್ತ. ಜಗಳಕ್ಕೆ ಯಾವ ಕಾಯಿಲೆಯೂ ಬರಲಿಲ್ಲ.

ಲಿಥುವೇನಿಯಾದಿಂದ ಬಂದ ಕೋಚ್ ಡಾಲಿಯಾ ಮೊದಲ ವಾರ ಈ ಕಥೆ ಕೇಳಿ ನಕ್ಕಳು. ಎರಡನೆಯ ವಾರ ನಗಲಿಲ್ಲ. ಮೂರನೆಯ ವಾರ ಹಲಗೆಯ ಮೇಲೆ ಹೊಸ ಗೆರೆ ಎಳೆದಳು: ಚೆಂಡು ಮಾರ್ಟೀಸಳಿಂದ ಮಿಕೆಲಾಗೆ, ಮಿಕೆಲಾಳಿಂದ ರಿಟಿಯೆನ್‌ಗೆ. ಮಿಕೆಲಾ ಸ್ಲೀಮಾ ಪಟ್ಟಣದವಳು, ಯಾವ ಸಂತರ ಹಂಗೂ ಇಲ್ಲದವಳು. ಹುಡುಗಿಯರು ಅವಳನ್ನು ಪೋಸ್ಟಮ್ಮ ಎಂದು ಕರೆಯತೊಡಗಿದರು. ದೊಡ್ಡ ದೇಶಗಳಲ್ಲಾದರೆ ಪಾಸು ಕೊಡದವಳನ್ನು ಕಿತ್ತುಹಾಕಿ ಇನ್ನೊಬ್ಬಳನ್ನು ತರುತ್ತಾರೆ. ಇಲ್ಲಿ ಇನ್ನೊಬ್ಬಳು ಬೇಕೆಂದರೆ ಹೆತ್ತು ಸಾಕಬೇಕು.

ಮಾರ್ಟೀಸಳಿಗೆ ಮೂವತ್ಮೂರು ವರ್ಷ. ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದಳು. ಮಂಡಿ ನೋಡಿದ ಡಾಕ್ಟರು ಈ ಬೇಸಿಗೆಯೇ ಕೊನೆ ಎಂದಿದ್ದರು. ಸಣ್ಣ ದೇಶಗಳ ಟೂರ್ನಿಯನ್ನು ಐದು ಸಲ ಆಡಿದ್ದಳು, ಒಂದು ಸಲವೂ ಸೆಮಿಫೈನಲ್ ಮುಟ್ಟಿರಲಿಲ್ಲ. ಈ ಸಲ ಟೂರ್ನಿ ನಡೆಯುತ್ತಿದ್ದದ್ದು ತಮ್ಮ ನೆಲದಲ್ಲೇ. ಗುರುವಾರ ಅಂಡೋರಾವನ್ನು ಸೋಲಿಸಿದರೆ ಸೆಮಿಫೈನಲ್. ಇಲ್ಲವಾದರೆ ಶುಕ್ರವಾರ ಐದನೆಯ ಸ್ಥಾನಕ್ಕೆ ಜಿಬ್ರಾಲ್ಟರ್ ಜೊತೆ ಕಿತ್ತಾಟ.

ಗುರುವಾರ ಮಧ್ಯಾಹ್ನ ಅವಳ ಅಪ್ಪ, ಸಾಂತಾ ಲುಚಿಯಾ ಸಂಘದ ಕಾರ್ಯದರ್ಶಿ ಚೆನ್ಸು, ನಲವತ್ತು ಜನರನ್ನು ಕಟ್ಟಿಕೊಂಡು ಬಂದು ಎಡಗಡೆ ಕೂತ. ಸಾನ್ ಜುಸೆಪ್‌ನವರು ಬಲಗಡೆ ಕೂತರು. ಮಾರ್ಟೀಸ್ ಬುಟ್ಟಿಗೆ ಹಾಕಿದರೆ ಎಡಗಡೆ ಚಪ್ಪಾಳೆ, ರಿಟಿಯೆನ್ ಹಾಕಿದರೆ ಬಲಗಡೆ. ಮಿಕೆಲಾ ಹಾಕಿದಾಗ ಅವಳ ತಾಯಿ ಒಬ್ಬಳೇ ತಟ್ಟಿದಳು.

ನಲವತ್ತು ಸೆಕೆಂಡ್ ಉಳಿದಿರುವಾಗ ಅಂಡೋರಾ ಒಂದು ಪಾಯಿಂಟ್ ಮುಂದಿತ್ತು. ಆಗಲೇ ಮಿಕೆಲಾ ಐದನೆಯ ಫೌಲ್ ಮಾಡಿ, ನಿಯಮದಂತೆ ಹೊರಗೆ ಹೋದಳು. ಡಾಲಿಯಾ ಆಟ ನಿಲ್ಲಿಸಿ ಎಲ್ಲರನ್ನೂ ಕರೆದು, ಹಲಗೆಯ ಮೇಲಿದ್ದ ಗೆರೆಯನ್ನು ಅಂಗೈಯಿಂದ ಒರೆಸಿದಳು.

"ಪೋಸ್ಟಮ್ಮ ಹೋದ್ಳು. ಇನ್ನು ನೀವುಂಟು, ನಿಮ್ಮ ಸಂತರುಂಟು" ಎಂದಷ್ಟೇ ಹೇಳಿ ಕುರ್ಚಿಗೆ ಹೋದಳು.

ಕೊನೆಯ ಆರು ಸೆಕೆಂಡಿಗೆ ಚೆಂಡು ಮಾರ್ಟೀಸಳ ಕೈಯಲ್ಲಿತ್ತು. ಅಂಡೋರಾದ ಇಬ್ಬರು ಅವಳಿಗೆ ಅಂಟಿಕೊಂಡಿದ್ದರು. ಬುಟ್ಟಿಯ ಕೆಳಗೆ ರಿಟಿಯೆನ್ ಒಬ್ಬಳೇ ನಿಂತಿದ್ದಳು, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಅಂಡೋರಾದವರೇನು ದಡ್ಡರೇ? ಇವಳ ಚೆಂಡು ಅವಳಿಗೆ ಹೋಗುವುದಿಲ್ಲ ಎಂಬುದನ್ನು ಅವರು ಮೊದಲರ್ಧದಲ್ಲೇ ಕಂಡುಕೊಂಡು ಕಾವಲು ತೆಗೆದಿದ್ದರು.

ಮಾರ್ಟೀಸ್ ಒಂದು ಕ್ಷಣ ನೋಡಿದಳು. ಆಮೇಲೆ ಎದೆಯಿಂದ ನೇರವಾಗಿ ಎಸೆದಳು. ಅವಳ ಜೀವಮಾನದ ಅತಿ ಒಳ್ಳೆಯ ಪಾಸು ಅದು. ರಿಟಿಯೆನ್ ಕೈ ಎತ್ತಲಿಲ್ಲ. ಆ ದಿಕ್ಕಿನಿಂದ ಚೆಂಡು ಬರಬಹುದೆಂದು ಅವಳ ಕೈಗಳಿಗೆ ಗೊತ್ತೇ ಇರಲಿಲ್ಲ. ಚೆಂಡು ಮೂಗಿಗೆ ಬಡಿದು ಗೆರೆಯಾಚೆ ಹೋಯಿತು. ಆಟ ಮುಗಿಯಿತು. ಮಾಲ್ಟಾ ಒಂದು ಪಾಯಿಂಟಿನಿಂದ ಸೋತಿತು.

ಎದುರು ಸಂಘದವಳ ಮೂಗಿಗೆ ಏಟು ಬಿತ್ತೆಂದು ಎಡಗಡೆಯ ನಲವತ್ತು ಜನರೂ ಎದ್ದು ಹಾಡುತ್ತ ಕುಣಿದರು. ದೇಶ ಸೋತಿದೆಯೆಂದು ಅವರಿಗೆ ನೆನಪಿಸುವವರು ಯಾರೂ ಇರಲಿಲ್ಲ. ಬಲಗಡೆ ರಿಟಿಯೆನ್‌ಳ ಸೋದರಮಾವ, ಇದು ಬೇಕೆಂದೇ ಮಾಡಿದ ಹಲ್ಲೆ ಎನ್ನುತ್ತ ಪೊಲೀಸರನ್ನು ಹುಡುಕಲು ಹೊರಟ. ಒಟ್ಟಿನಲ್ಲಿ, ಮೂವತ್ತೈದು ವರ್ಷಗಳಲ್ಲಿ ಮೊದಲ ಬಾರಿ ಎರಡೂ ಸಂಘಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದವು.

ಚೆನ್ಸು ಕೆಳಗಿಳಿದು ಬಂದು ಮಗಳನ್ನು ತಬ್ಬಿಕೊಂಡ. ಸಂಘದಲ್ಲಿ ಅವಳ ಹೆಸರಿನಲ್ಲಿ ಮೊಲದ ಹಬ್ಬದೂಟಕ್ಕೆ ಹೇಳಿಯಾಗಿದೆ ಎಂದ.

"ಎಂಥಾ ಗುರಿ ಮಗಳೇ. ಹನ್ನೊಂದು ವರ್ಷ ಕಾದು ಹೊಡೆದ್ಯಲ್ಲ."

"ಪಾ, ಅದು ಪಾಸು."

ಅವನು ಕಣ್ಣು ಮಿಟುಕಿಸಿದ. "ಹೌದ್ಹೌದು. ಪೊಲೀಸ್ನೋರು ಕೇಳಿದ್ರೂ ಹಂಗೇ ಹೇಳು."

ಮಾರ್ಟೀಸ್ ಅಪ್ಪನ ತೋಳು ಬಿಡಿಸಿಕೊಂಡಳು. ಸುಮ್ಮನಿದ್ದರೆ ಸಾಕಿತ್ತು, ಊಟ, ಹಾಡು, ಸಂಘದ ಗೋಡೆಯ ಮೇಲೊಂದು ಫೋಟೋ, ಎಲ್ಲ ಸಿಗುತ್ತಿತ್ತು. "ಪೊಲೀಸ್ರಿಗಲ್ಲ ಪಾ, ನಿಂಗೆ ಹೇಳ್ತಿದೀನಿ. ಗೆಲ್ಲೋಕಂತ ಕೊಟ್ಟೆ. ನಾಳೆನೂ ಅವಳಿಗೇ ಕೊಡ್ತೀನಿ."

ಹಾಡು ನಿಂತಿತು. ಚೆನ್ಸು ನಲವತ್ತು ಜನರ ಮುಖ ನೋಡಿದ, ಆಮೇಲೆ ಮಗಳದು. "ಹಂಗಾದ್ರೆ ಬಸ್ಸಲ್ಲಿ ಬಾ" ಎಂದು ಹೇಳಿ ಹೋದ. ಊಟದ ಮಾತು ಎತ್ತಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ರಿಟಿಯೆನ್ ಮೂಗಿಗೆ ಹತ್ತಿ ತುರುಕಿಕೊಂಡು ಕೂತಿದ್ದಳು. ಬಾಗಿಲಲ್ಲಿ ಸೋದರಮಾವ, ಅವನ ಪಕ್ಕ ಒಬ್ಬ ಪೊಲೀಸು, ಪೊಲೀಸಿನ ಕೈಯಲ್ಲಿ ದೂರಿನ ಕಾಗದ. ಅವಳ ಸಹಿಯೊಂದೇ ಬಾಕಿ. ಒಳಗೆ ಬಂದ ಮಾರ್ಟೀಸಳನ್ನು ರಿಟಿಯೆನ್ ಕೇಳಿದಳು. ಅವರಿಬ್ಬರ ನಡುವಿನ ಮೊದಲ ಮಾತು ಅದು.

"ಎಸ್ದಿದ್ದು ಮೂಗಿಗೋ, ಕೈಗೋ?"

"ಕೈಗೆ. ಕೈ ಎಲ್ಲಿಟ್ಟಿದ್ದೆ ನೀನು?"

ರಿಟಿಯೆನ್ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಪೊಲೀಸಿನ ಕಡೆ ತಿರುಗಿ, "ಪಾಸು ಬಂತು, ಹಿಡಿಯೋಕೆ ಬರ್ಲಿಲ್ಲ ನಂಗೆ. ಹಂಗಂತ ಬರ್ಕೊಳ್ಳಿ" ಎಂದಳು. ಅಂಥದ್ದನ್ನು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲವಾದ್ದರಿಂದ ಪೊಲೀಸು ಅದನ್ನು ಮಡಚಿಕೊಂಡ. ಅವಳನ್ನು ಬಿಟ್ಟು ಹೊರಟ ಸೋದರಮಾವ ಕಾರಿನ ಬಾಗಿಲು ಬಡಿದ ಸದ್ದು ಒಳಗಿನವರೆಗೂ ಕೇಳಿಸಿತು.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಮಾರ್ಟೀಸ್ ಚೆಂಡು ತೆಗೆದುಕೊಂಡು ಆಟದ ಅಂಗಳಕ್ಕೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ರಿಟಿಯೆನ್ ಬಂದು ಬುಟ್ಟಿಯ ಕೆಳಗೆ ನಿಂತು, ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದಳು.

"ಮೆಲ್ಲಗೆ ಎಸಿ" ಎಂದಳು.