ದಿನಾ ಬರಬೇಕು

ಮದುವೆಯಾದಾಗ ಅರ್ಧಕ್ಕೆ ಬಿಟ್ಟ ಬಿ.ಎ.ಯ ಕೊನೆಯ ವರ್ಷವನ್ನು ಮುಗಿಸಬೇಕೆಂದು ಪ್ರಫುಲ್ಲಾ ಕಟಪಾಡಿಯಿಂದ ಬಸ್ಸು ಹತ್ತಿ ತನ್ನ ಹಳೆಯ ಕಾಲೇಜಿಗೆ ಹೋದಳು. ಅಷ್ಟರಲ್ಲಿ ವಿಶ್ವವಿದ್ಯಾನಿಲಯಕ್ಕೆ ಕ್ರೆಡಿಟ್ ಪದ್ಧತಿ ಬಂದಿತ್ತು.

“ನೀವು ಓದಿದ ಆ ಎರಡು ವರ್ಷ ಈ ಹೊಸ ಪದ್ಧತಿಗೆ ಸೇರುವುದಿಲ್ಲ ಮಾರಾಯ್ರೆ,” ಎಂದರು ಕಚೇರಿಯ ದೇವದಾಸರು. “ಹಳೆಯ ಸ್ಕೀಮಿನಲ್ಲೇ ಮನೆಯಲ್ಲಿ ಓದಿ ಪರೀಕ್ಷೆ ಬರೆಯಿರಿ, ಒಂದು ವರ್ಷದಲ್ಲಿ ಮುಗೀತದೆ. ಹೊಸದಾದರೆ ಮೊದಲ ಸೆಮಿಸ್ಟರಿನಿಂದ ಮೂರು ವರ್ಷ. ಹಾಜರಿಗೂ ಸೆಮಿನಾರಿಗೂ ಅಂಕ ಉಂಟು. ದಿನಾ ಬರಬೇಕು.”

ಮದುವೆಯ ನಂತರ ಮನೆಯ ಹೊರಗಿನ ಯಾವ ಜಾಗವೂ ಅವಳಿಗೆ ‘ದಿನಾ ಬರಬೇಕು’ ಎಂದಿರಲಿಲ್ಲ.

“ಹೊಸದಕ್ಕೇ ಸೇರ್ತೇನೆ ಸರ್.”

ಮನೆಯಲ್ಲಿ ಅತ್ತೆ ಬಂಗುಡೆ ಕತ್ತರಿಸುತ್ತಿದ್ದರು. “ಒಂದು ವರ್ಷ ಅಂತ ಅಲ್ವಾ ನೀನು ಹೇಳಿದ್ದು?”

“ಮೂರು ವರ್ಷ ಮಾಮಿ. ಈಗ ಹೊಸ ಪದ್ಧತಿ. ದಿನಾ ಹೋಗಬೇಕು.”

“ಮನೆಯಲ್ಲೇ ಕೂತು ಓದಲಿಕ್ಕೆ ಆಗುವುದಿಲ್ವಾ?”

ಆಗುವುದಿಲ್ಲ ಎಂದು ಹೇಳಲು ಬಸ್ಸಿನಲ್ಲಿ ಉದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದಳು. ಆದರೆ ಬಾಯಿಗೆ ಬಂದದ್ದು ಬೇರೆ.

“ಆಗ್ತದೆ ಮಾಮಿ. ನನಗೇ ಬೇಡ.”

ಅತ್ತೆ ತಲೆಯೆತ್ತಿ ಸೊಸೆಯನ್ನು ಹೊಸಬಳೆಂಬಂತೆ ನೋಡಿದರು. ಮತ್ತೆ ಮೀನಿನ ಕಡೆ ಬಾಗಿದರು.

“ಹಾಗಾದರೆ ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸು?”